ತಂಬಿಲಕ್ಕೆ ಹೇಳುವ ಹೆಸರು

ಮಟ್ಟು

ಚೈತಾಲಿಗೆ,

ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳಿಂದ ಪತ್ರ ಬರೆಸುತ್ತೀಯಲ್ಲ, ನಾಚಿಕೆ ಇಲ್ಲವಾ? ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯಂತೆ, ಪಕ್ಕದ ಮನೆಯ ಮಾನಸ ಹೇಳಿದಳು.

ನೀನು ಸೀರೆ ಉಟ್ಟ ವಿಡಿಯೋದ ಕೆಳಗೆ "ಕೀರ್ತನ್, ಊಟ ಆಯ್ತಾ ಮಾರಾಯ?" ಎಂದು ಬರೆದದ್ದು ನಾನೇ. ನಿನಗೆ ಮಾತ್ರ ಕಾಣುತ್ತದೆ ಎಂದುಕೊಂಡಿದ್ದೆ. ಕಂಡವರೆಲ್ಲ ಆ ಹಳೆಯ ಹೆಸರು ಹಿಡಿದು ನಿನ್ನನ್ನು ಗೇಲಿ ಮಾಡುತ್ತಾರೆಂದು ನನಗೆ ಎಂತ ಗೊತ್ತು? ಈಗ ಮಾನಸಳ ಫೋನಿನಲ್ಲಿ ನಿನ್ನನ್ನು ನೋಡುತ್ತೇನೆ. ಊರವರಿಗೆಲ್ಲ ನಿನ್ನ ನಗು ಉಂಟು, ನನಗೆ ಮಾತ್ರ ನಿನ್ನದೊಂದು ಮಾತಿಲ್ಲ.

ಇಪ್ಪತ್ತನೇ ತಾರೀಕಿಗೆ ಮನೆಯ ದೈವಕ್ಕೆ ತಂಬಿಲದ ಪೂಜೆ. ಪ್ರಾರ್ಥನೆಯಲ್ಲಿ ಮನೆಯವರ ಹೆಸರು ಹೇಳಬೇಕು. ಉಳಿದಿರುವುದು ನಾವಿಬ್ಬರೇ. ಚೈತಾಲಿ ಎಂದೇ ಹೇಳಿಸುತ್ತೇನೆ. ಯಾರಾದರೂ ಬಾಯಿ ಹಾಕಿದರೆ ನಾನಿದ್ದೇನೆ. ಬರುತ್ತೀಯೋ ಇಲ್ಲವೋ, ಹದಿನೆಂಟರ ಒಳಗೆ ತಿಳಿಸು.

ನಿನ್ನ ದೊಡ್ಡಮ್ಮ,
ಅಪ್ಪಿ