ಕಹಿಯಿಲ್ಲದ ಜ್ವರದ ಔಷಧ

ಶಹಾಪುರ
೬ ಅಕ್ಟೋಬರ್ ೧೯೪೩

ಚಿ. ಸೌ. ಅಯ್ಯಮ್ಮಳಿಗೆ ದೇವಿಂದ್ರನ ಆಶೀರ್ವಾದ. ಕಕ್ಕೇರಾದಿಂದ ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಕೂಸಿಗೆ ನನ್ನ ಮೂಗು ಬಂದಿದೆ ಎಂದು ಓದಿ, ಕನ್ನಡಿಯಲ್ಲಿ ಎರಡು ಸಲ ಮೂಗು ನೋಡಿಕೊಂಡೆ.

ಇದನ್ನು ಮಾವನವರ ಕೈಲಿ ಓದಿಸಬೇಡ, ಅಕ್ಷರ ಕೂಡಿಸಿ ನೀನೇ ಓದು. ಪಾಲುದಾರ ಲಾಡ್ಲೇಸಾಬನ ಮೇಲೆ ನನಗೆ ಸಂಶಯ ಬಂದಿದೆ. ನಾನು ಯಾದಗಿರಿಯ ದವಾಖಾನೆ ಬಿಟ್ಟು ಸ್ವಂತ ಅಂಗಡಿ ಹಾಕುತ್ತೇನೆಂದಾಗ, "ನೀ ಔಷಧ ಕಲಸು, ನಾ ಮಂದಿ ಕೂಡ ಮಾತಾಡತೀನಿ" ಎಂದು ಮುಂದೆ ಬಂದವನು ಅವನೇ. ನಿಜ. ಆದರೆ ಕೇಳು.

ಕ್ವಿನೈನ್ ಪುಡಿಯ ಡಬ್ಬಿಯನ್ನು ಯಾದಗಿರಿಯಿಂದ ಅವನೇ ಬಂಡಿಯಲ್ಲಿ ತಂದ. ಒಂದು ದಿನ ತಡ. ಭೀಮಾ ಹೊಳೆ ತುಂಬಿತ್ತಂತೆ. ಆ ಕಡೆಯಿಂದ ಬಂದ ಬೇರೆ ಯಾರೂ ನನಗೆ ಹಾಗೆ ಹೇಳಲಿಲ್ಲ. ಡಬ್ಬಿಯ ದಾರದ ಗಂಟು ದವಾಖಾನೆಯ ಡಾಕ್ಟರರು ಹಾಕುವ ಗಂಟಿನ ಹಾಗಿರಲಿಲ್ಲ. ಪುಡಿಯನ್ನೆಲ್ಲ ಪಿಂಗಾಣಿ ಭರಣಿಗೆ ಸುರಿದು ನೀರಿನಲ್ಲಿ ಕಲಸಿಬಿಟ್ಟೆ, ನೋಡಲು ಒಂದು ಚಿಟಿಕೆಯೂ ಉಳಿದಿಲ್ಲ. ಮೂರನೆಯ ದಿನ, ಜ್ವರಕ್ಕೆ ಔಷಧ ಒಯ್ದಿದ್ದ ಸುಂದ್ರಮ್ಮ ಬಂದು, "ಏನ್ರಿ ಕಂಪೌಂಡರ್ರ, ಕಹಿನs ಇಲ್ಲ. ನಮ್ಮ ಹಳ್ಳದ ನೀರ ನಮಗs ಕುಡಸ್ತೀರೇನು?" ಎಂದಳು. ಭರಣಿಯ ಮೇಲಿನಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡೆ. ಸಪ್ಪೆ! ಯುದ್ಧದಿಂದಾಗಿ ಕ್ವಿನೈನ್ ಸಿಗುವುದೇ ಕಷ್ಟ. ಅಸಲಿ ಪುಡಿ ಎಲ್ಲಿ ಹೋಗಿರಬೇಕು, ನೀನೇ ಹೇಳು.

ಅವನ ಮಗಳು ಆಮೀನಾಳಿಗೂ ಜ್ವರ. ನಮ್ಮವಳೇ ಎಂದು ಹೊಸ ಭರಣಿಯ ಮೊದಲ ಬಾಟಲಿಯನ್ನು ಅವಳಿಗೇ ತುಂಬಿಕೊಟ್ಟಿದ್ದೆ. ಅಂದಿನಿಂದ ಲಾಡ್ಲೇಸಾಬ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಮಗಳಿಗೆ ಮಾತ್ರ ಗುಟ್ಟಾಗಿ ಅಸಲಿ ಔಷಧ ಕೊಡುತ್ತಿದ್ದಾನೆ, ನೋಡುತ್ತಿರು.

ಶುಕ್ರವಾರ ಎಲ್ಲರೆದುರು ಅವನನ್ನು ಹಿಡಿಯುತ್ತೇನೆ. ಕೂಸಿಗೆ ಮುತ್ತು.

ನಿನ್ನ ದೇವಿಂದ್ರ


ಶಹಾಪುರ
೩೦ ಅಕ್ಟೋಬರ್ ೧೯೪೩

ಚಿ. ಸೌ. ಅಯ್ಯಮ್ಮಳಿಗೆ ಆಶೀರ್ವಾದ. ನಿನ್ನ ಎರಡೂ ಕಾಗದ ತಲುಪಿದವು. ಬರೆಯಲು ಕುಳಿತಾಗಲೆಲ್ಲ ಕೈ ಏಳಲಿಲ್ಲ, ಕ್ಷಮಿಸು.

ಅವತ್ತು ಶುಕ್ರವಾರ ಅಂಗಡಿಯ ಕಟ್ಟೆಯ ಮೇಲೆ ಏಳೆಂಟು ಜನ ಕುಳಿತಿದ್ದರು. ನಾನು ಗಿರಾಕಿಯ ಹೆಸರನ್ನೂ ತಗ್ಗಿದ ದನಿಯಲ್ಲಿ ಕೇಳುವವನು. ಅಂಥವನು ಅಂದು ಕೂಗಿದೆ: "ಭಾಯಿ, ಪುಡಿ ಬದಲಿ ಮಾಡೀದಿ. ಊರಿಗೆಲ್ಲಾ ನೀರ ಕುಡಿಸಿ, ನಿನ್ನ ಮಗಳಿಗಷ್ಟ ಬ್ಯಾರೆ ಔಷಧ ಕೊಡಾಕತ್ತೀದಿ!"

"ನಿನಗ ಬಾಯಿಲ್ಲಂತ ನಾ ಮಾತಾಡತಿದ್ದೆ ತಮ್ಮಾ. ಇವತ್ತ ಬಾಯಿ ಬಂತು ನೋಡು" ಎಂದು ಅವನು ಅಂಗಡಿಯ ಕೀಲಿಕೈ ಕಟ್ಟೆಯ ಮೇಲಿಟ್ಟು ಹೋದ. ಜನ ನನ್ನನ್ನೇ ಹೊಗಳಿದರು. ಸುಳ್ಳೇಕೆ, ಹಿತವಾಗಿತ್ತು.

ನಾಲ್ಕು ದಿನದ ಮೇಲೆ ದುರಗಮ್ಮ ಬಂದಳು. ಬೇರೆ ಔಷಧವಿಲ್ಲವೆಂದು ಶುಕ್ರವಾರದವರೆಗೂ ಅದನ್ನೇ ಕೊಡುತ್ತಿದ್ದೆ; ಭರಣಿ ಮುಗಿಯುತ್ತ ಬಂದಾಗ ಒಯ್ದವಳು ಇವಳು. "ಯಪ್ಪಾ, ಮಂದಿಗೆ ನೀರ ಕೊಟ್ಟಿ, ನನಗೇನ ಇಸ ಕೊಟ್ಟಿಯೇನು? ಜ್ವರ ಬಿಟ್ಟೈತಿ, ಖರೆ. ಕಿವ್ಯಾಗ ಮಾತ್ರ ಜೇನಹುಳ ಹೊಕ್ಕಂಗ ಗುಂಯ್ ಅನ್ನಾಕತ್ತೈತಿ!"

ಕ್ವಿನೈನ್ ಹೆಚ್ಚಾದರೆ ಕಿವಿ ಮೊರೆಯುತ್ತದೆ. ಅಷ್ಟು ನನಗೆ ಗೊತ್ತು. ಅವಳು ಹೋದ ಮೇಲೆ ಭರಣಿಯೊಳಗೆ ಮೊಳಕೈವರೆಗೆ ಕೈ ಇಳಿಸಿದೆ. ತಳದಲ್ಲಿ ಸುಣ್ಣದಂಥ ಬಿಳಿ ಕೆಸರು. ನಾಲಗೆಗೆ ಹಚ್ಚಿಕೊಂಡೆ. ಆ ಕಹಿ ಸಂಜೆಯಾದರೂ ಹೋಗಲಿಲ್ಲ.

ಯಾದಗಿರಿಯಲ್ಲಿ ಹಿರಿಯ ಕಂಪೌಂಡರರು ಈ ಔಷಧಕ್ಕೆ ಕೆಲವು ಹನಿ ತೇಜಾಬು, ಅಂದರೆ ಆಮ್ಲ, ಹಾಕುತ್ತಿದ್ದರು. ಐದು ವರ್ಷ ನೋಡಿದ್ದೇನೆ. ಯಾಕೆ ಹಾಕುತ್ತಾರೆಂದು ಕೇಳಲು ನಾಚಿಕೊಂಡೆ, ರುಚಿಗಿರಬೇಕು ಎಂದುಕೊಂಡೆ. ಇಲ್ಲಿ ತೇಜಾಬಿನ ಶೀಸೆ ಒಡೆದುಹೋಗಿತ್ತು. ಅದಿಲ್ಲದಿದ್ದರೇನಾಯಿತು ಎಂದು ಬರೀ ನೀರಿನಲ್ಲಿ ಕಲಸಿದೆ. ತೇಜಾಬಿಲ್ಲದೆ ಆ ಪುಡಿ ಕರಗುವುದಿಲ್ಲ, ಅಯ್ಯಮ್ಮ. ಎಲ್ಲ ತಳಕ್ಕಿಳಿದಿತ್ತು. ಮೊದಲು ಬಂದವರಿಗೆ ನೀರು, ಕೊನೆಗೆ ಬಂದವರಿಗೆ ವಿಷ. ಲಾಡ್ಲೇಸಾಬ ತಂದ ಪುಡಿ ಅಸಲಿಯೇ ಆಗಿತ್ತು.

ನಾಳೆ ಅದೇ ಕಟ್ಟೆಯ ಮೇಲೆ ನಿಂತು, ಅಷ್ಟೇ ಗಟ್ಟಿಯಾಗಿ, ತಪ್ಪು ನನ್ನದೆಂದು ಹೇಳುತ್ತೇನೆ. ಆಮೇಲೆ ನನ್ನ ಕೈಯ ಔಷಧ ಯಾರೂ ಕುಡಿಯಲಿಕ್ಕಿಲ್ಲ, ಅಂಗಡಿ ಮುಚ್ಚಬಹುದು. ನೀನು ಈಗಲೇ ಬರಬೇಡ. ಕೂಸನ್ನು ಗಾಳಿಗೆ ಒಡ್ಡಬೇಡ. ದೇವರು ನಿಮ್ಮಿಬ್ಬರನ್ನೂ ನೂರು ವರ್ಷ ಚೆನ್ನಾಗಿಟ್ಟಿರಲಿ.

ನಿನ್ನ ದೇವಿಂದ್ರ

ತಾ.ಕ.: ಮೇಲೆ ಬರೆಯಲು ಆಗಲಿಲ್ಲ. ಆಮೀನಾ ಇಲ್ಲ. ನಾನು ಕೂಗಾಡಿದ ಮರುದಿನ ಯಾದಗಿರಿಗೆ ಒಯ್ಯುವಾಗ ದಾರಿಯಲ್ಲೇ, ಬಂಡಿಯಲ್ಲಿ. ಅವಳ ತಾಯಿ ಖಾಸಿಂಬೀ ನಿನ್ನೆ ನನ್ನ ಬಾಟಲಿಯನ್ನು ತೊಳೆದು ವಾಪಸು ಕಳಿಸಿದಳು. ಎಷ್ಟೆಷ್ಟು ಕುಡಿಸಬೇಕೆಂದು ಹೊತ್ತಿಗೊಂದು ಗುರುತಿನಂತೆ ನಾನು ಕತ್ತರಿಸಿ ಅಂಟಿಸಿದ್ದ ಕಾಗದದ ಪಟ್ಟಿ ಹಾಗೇ ಇದೆ. ಆಕೆಗೆ ಓದು ಬರಹ ಬಾರದು. ಒಂದು ಹೊತ್ತೂ ತಪ್ಪಬಾರದೆಂದು, ಕುಡಿಸಿದಾಗಲೆಲ್ಲ ಗುರುತಿನ ಪಕ್ಕ ಕಾಡಿಗೆಯ ಚುಕ್ಕೆ ಇಟ್ಟಿದ್ದಾಳೆ. ಎಂಟು ಗುರುತು, ಎಂಟು ಚುಕ್ಕೆ.