ಸದ್ದಿಲ್ಲದ ಆಟೋ

೧೪ ನವೆಂಬರ್ ೨೦೨೫, ಶುಕ್ರವಾರ. ಸಿಂಧನೂರು.

ಸಂಗನಬಸವ ಬಂದದ್ದು ನನಗೆ ಕೇಳಿಸಲೇ ಇಲ್ಲ. ಅದೇ ಕೊರೆಯುತ್ತಿದೆ.

ನಮ್ಮ ಯಜಮಾನರು ಹಟ್ಟಿ ಗಣಿಯ ಪಾಳಿಯಲ್ಲಿದ್ದರೆ, ಇಷ್ಟು ವರ್ಷ ಶೆಡ್ ನಡೆಸಿ ಆಟೋ ಕಂಪನಿಗೆ ಸೈಲೆನ್ಸರ್ ಮಾಡಿಕೊಟ್ಟವರು ನಾನೂ ಈ ಮೈದುನನೂ. ಕಂಪನಿಯವರು ಸೈಲೆನ್ಸರೇ ಬೇಡದ ಕರೆಂಟಿನ ಆಟೋಗೆ ಹೊರಳುತ್ತಿದ್ದಾರೆಂದು ಗೊತ್ತಾದಾಗ, ಬೇರೆ ಕೆಲಸ ಕೇಳಿ ಬರಲು ಅವನನ್ನೇ ಕಳಿಸಿದ್ದೆ. "ನಮಗೇನೂ ಕೆಲ್ಸ ಇಲ್ಲಂತ್ರಿ ವೈನಿ" ಎಂದು ಸಣ್ಣ ಮುಖ ಮಾಡಿಕೊಂಡು ಬಂದಿದ್ದ. ನಾನೇ ಸಮಾಧಾನ ಮಾಡಿ ಊಟಕ್ಕೆ ಬಡಿಸಿದ್ದೆ. ಎಂಥ ಹುಚ್ಚಿ ನಾನು.

ಇವತ್ತು ಹೊಸ ಕರೆಂಟ್ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ, ಪೂಜೆ ಮಾಡಿಸಲು. ಕುಂಕುಮ ಹಚ್ಚಲು ಬಗ್ಗಿದೆ. ಸೀಟಿನ ಕೆಳಗೆ ಬ್ಯಾಟರಿಯ ಪೆಟ್ಟಿಗೆ. ಅದರ ವೆಲ್ಡಿಂಗ್ ಗೆರೆ ಕೊನೆಯಲ್ಲಿ ಎಡಕ್ಕೆ ಬಾಲ ಎಳೆದಿತ್ತು. ಆ ಚಾಳಿ ಬಿಡಿಸಲು ಅವನಿಗೆ ಎಷ್ಟು ಬೈದಿದ್ದೇನೆ!

"ಇದು ನಿನ್ನ ಕೈಕೆಲ್ಸ ಅಲ್ಲೇನೋ?"

"ಮಸ್ಕಿ ಊರಾಗ ಬ್ಯಾರೆ ಶೆಡ್ ಹಾಕೀನ್ರಿ. ಕಂಪನಿ ಪೆಟ್ಟಿಗಿ ಆರ್ಡರ್ ನನ್ನ ಹೆಸರಿಗೆ ಐತಿ. ನಿಮಗ ಹೇಳಾಕ ಬಾಯಿ ಬರ್ಲಿಲ್ರಿ." ಆಮೇಲೆ ತಲೆ ತಗ್ಗಿಸಿಯೇ, "ನಿಂಬಿಹಣ್ಣು ನೀವ ಇಡ್ರಿ ವೈನಿ."

ಓಣಿಯವರೆಲ್ಲ ನೋಡುತ್ತಿದ್ದರು. ಚಕ್ರದ ಕೆಳಗೆ ಇಟ್ಟೆ.

ಕಂಪನಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನ ಕೈಯ ಊಟ ಉಂಡಿರಲಿಲ್ಲ. ಇವನು...

ಎಷ್ಟೋ ಗಾಡಿಗಳಿಗೆ ನಿಂಬೆಹಣ್ಣು ಇಟ್ಟಿದ್ದೇನೆ. ಇಂಜಿನ್ನಿನ ಗದ್ದಲದಲ್ಲಿ ಅದು ಒಡೆಯುವ ಸದ್ದು ಎಂದೂ ಕೇಳಿಸಿರಲಿಲ್ಲ. ಇವತ್ತು ಕೇಳಿಸಿತು.