ಮಂಗಳವಾರದ ಕೆಲಸ

ಡುಲೂತ್, ಮಾರ್ಚ್ ೯

ಚಿತ್ರಕಲಾ ಶಾಲೆಯ ಮುಖ್ಯಸ್ಥರಿಗೆ,

ನನ್ನ ಗಂಡ ಆರ್ಲನ್ ಹೋದ ನವೆಂಬರಿನಲ್ಲಿ ತೀರಿಕೊಂಡರು. ಕಳೆದ ವರ್ಷ ಅವರಿಗೆ ಆರುನೂರ ನಲವತ್ತು ಡಾಲರ್ ಕೊಟ್ಟಿದ್ದೀರೆಂದು ನಿಮ್ಮಿಂದ ತೆರಿಗೆ ಚೀಟಿ ಬಂದಿದೆ. ಬಸ್ ಓಡಿಸಿದ ಸಂಬಳದ ಜೊತೆ ಇದನ್ನೂ ತೋರಿಸಬೇಕಂತೆ.

"ಯಾವ ಕೆಲಸದ ದುಡ್ಡು ಅಂತ ಬರೀಬೇಕು ಡೋರೀನ್. ಅಲ್ಲೇನ್ ಮಾಡ್ತಿದ್ರು ಇವ್ರು?" ಎಂದು ತೆರಿಗೆ ಲೆಕ್ಕ ನೋಡುವ ಗ್ಲೆಂಡಾ ಕೇಳಿದಳು. ಹೀಟರ್ ರಿಪೇರಿ ಇರಬೇಕು, ಅದೂ ಅವರಿಗೆ ಬರುತ್ತಿತ್ತು ಅಂದೆ. ಆಮೇಲೆ ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಮಂಗಳವಾರ ಸಂಜೆ ವಿದ್ಯಾರ್ಥಿಗಳು ಚಿತ್ರ ಬಿಡಿಸೋಕೆ ಮಾಡೆಲ್ ಆಗಿ ಕೂರೋರು, ಮೈಮೇಲೆ ಬಟ್ಟೆ ಇಲ್ದೆ. ಅವರಷ್ಟು ಅಲುಗಾಡ್ದೆ ಯಾರೂ ಕೂತಿಲ್ಲ ಬಿಡಿ," ಎಂದಳು ಫೋನ್ ಎತ್ತಿದ ನಿಮ್ಮ ಕಚೇರಿಯ ಹುಡುಗಿ.

ಮಂಗಳವಾರ ಅವರು ಚೆಂಡು ಉರುಳಿಸುವ ಬೌಲಿಂಗ್ ಆಟಕ್ಕೆಂದು ಹೇಳಿ ಹೋಗುತ್ತಿದ್ದರು. ಬೇಸಿಗೆಯಲ್ಲಿ ಸರೋವರದ ದಡದಲ್ಲೂ ಅಂಗಿ ಬಿಚ್ಚಿದವರಲ್ಲ. ಫೋಟೋಗೂ ನಿಲ್ಲುತ್ತಿರಲಿಲ್ಲ.

ಸಿಟ್ಟು ಬರಲೆಂದು ಎರಡು ದಿನ ಕಾದೆ, ಬರಲಿಲ್ಲ. ಕೇಳಬೇಕಾದ್ದೇ ಬಹಳವಿದೆ. ಕೈ ಎಲ್ಲಿಟ್ಟುಕೊಳ್ಳುತ್ತಿದ್ದರು? ಕೋಣೆ ಬೆಚ್ಚಗಿತ್ತೆ? ಅವರಿಗೆ ಬೇಗ ಚಳಿಯಾಗುತ್ತಿತ್ತು.

ವಿದ್ಯಾರ್ಥಿಗಳ ಹತ್ತಿರ ಅವರ ಚಿತ್ರ ಉಳಿದಿದ್ದರೆ ಒಂದನ್ನು ಕೊಳ್ಳುತ್ತೇನೆ. ಬೆಲೆ ತಿಳಿಸಿ, ಚೆಕ್ ಕಳಿಸುತ್ತೇನೆ. ಬಿಡಿಸಿದವರು ಆ ದುಡ್ಡನ್ನೂ ಮರೆಯದೆ ತೆರಿಗೆಗೆ ತೋರಿಸಲಿ. ಯಾವ ಕೆಲಸಕ್ಕೆಂದು ಕೇಳಿದರೆ, ನನ್ನ ಗಂಡನನ್ನು ಸರಿಯಾಗಿ ನೋಡಿದ್ದಕ್ಕೆ ಎಂದು ಬರೆಯಲಿ.

ಉತ್ತರಕ್ಕೆ ಕಾಯುವ,
ಡೋರೀನ್ ಹಾಲ್ವರ್ಸನ್